ಅರಿವು ಯಾರಿಗೆ ಮೂಡಬೇಕು?

ಒಂದು ಊರಿನ ಹೆಸರು ಊರವರ ಕೈತಪ್ಪಿ ಹೋಗುವುದು ಹೇಗೆ ಎಂಬುದನ್ನು ನಮ್ಮ ಲಾತೂರು ಜಿಲ್ಲೆಯವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನವರೆಗೆ ಕಿಲ್ಲಾರಿ ಎಂಬುದು ಔಸಾ ತಾಲೂಕಿನ ಒಂದು ಊರಾಗಿತ್ತು. ಅಲ್ಲಿ ಹೊಲಗಳಿದ್ದವು, ಮನೆತನಗಳಿದ್ದವು, ಸುತ್ತಲಿನ ಹಳ್ಳಿಗಳ ಜೊತೆ ಬೀಗತನಗಳಿದ್ದವು. ಆ ನಸುಕಿನಿಂದಾಚೆಗೆ ಅದು ಒಂದು ಭೂಕಂಪದ ಹೆಸರಾಯಿತು. ಶಿರೂರ ಅನಂತಪಾಳದಿಂದ ಹೊರಟು ನಾನು ಎಲ್ಲಿಗೆ ಹೋಗಿ ‘ಲಾತೂರು ಕಡೆಯವನು’ ಎಂದರೂ ಎದುರಿಗಿದ್ದವರು ಮೊದಲು ಕೇಳುವುದು ಅದನ್ನೇ. ಅವರು ಕೆಟ್ಟವರಲ್ಲ, ಕನಿಕರದಿಂದಲೇ ಕೇಳುತ್ತಾರೆ. ಆದರೆ ಕನಿಕರಕ್ಕೆ ಒಂದು ದುರ್ಗುಣವಿದೆ: ಅದು ಮನುಷ್ಯನನ್ನು ಅವನ ಕಷ್ಟದಿಂದ ಮಾತ್ರ ಗುರುತಿಸುತ್ತದೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನ ಸಂಗತಿಯೂ ಹೀಗೆಯೇ. ಕಿಲ್ಲಾರಿಗೆ ಬಂದದ್ದು ಭೂಕಂಪ, ಹಂದಿಗೋಡಿಗೆ ಬಂದದ್ದು ರೋಗ. ಇಂದು ಕನ್ನಡ ಬಲ್ಲವರಲ್ಲಿ ಬಹಳ ಮಂದಿಗೆ ಹಂದಿಗೋಡು ಎಂದರೆ ಒಂದು ಊರಲ್ಲ, ಒಂದು ಕಾಯಿಲೆ.

ಅಪರೂಪದ ವಂಶಪಾರಂಪರ್ಯ ಕಾಯಿಲೆಗಳ ಬಗ್ಗೆ ಜನಜಾಗೃತಿ ಮೂಡಿಸಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. 2008ರ ಫೆಬ್ರವರಿ 29ರಂದು, ನಾಲ್ಕು ವರ್ಷಕ್ಕೊಮ್ಮೆ ಬರುವ ಆ ಅಪರೂಪದ ದಿನದಂದು ಯುರೋಪಿನಲ್ಲಿ ಶುರುವಾದ ‘ಅಪರೂಪದ ಕಾಯಿಲೆಗಳ ದಿನ’ವನ್ನು ಈಗ ನಮ್ಮ ದೇಶದಲ್ಲೂ ಪ್ರತಿವರ್ಷ ಫೆಬ್ರವರಿಯ ಕೊನೆಯ ದಿನ ಆಚರಿಸುತ್ತಾರೆ. ಒಳ್ಳೆಯ ಕೆಲಸ. ಜಾಗೃತಿ ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಜಾಗೃತಿ ಎಂಬ ಈ ದೊಡ್ಡ ಮಾತಿನ ಒಳಗೆ ಒಂದು ಸಣ್ಣ ಪ್ರಶ್ನೆ ಅಡಗಿ ಕುಳಿತಿದೆ. ಅರಿವು ಯಾರಿಗೆ ಮೂಡಬೇಕು? ರೋಗ ಇರುವವರಿಗೋ, ಇಲ್ಲದವರಿಗೋ? ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳದೆ ನಡೆಸಿದ ಜಾಗೃತಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನೋಡಲು ಹಂದಿಗೋಡಿಗಿಂತ ಹತ್ತಿರದ ಉದಾಹರಣೆ ಕನ್ನಡಿಗರಿಗೆ ಇಲ್ಲ.

1974-75ರ ಸುಮಾರಿಗೆ ಹಂದಿಗೋಡಿನಲ್ಲಿ ಹಲವರಿಗೆ ಸೊಂಟದ ಕೀಲು, ಮೊಣಕಾಲು ನೋಯತೊಡಗಿದ್ದು ಹೊರಗಿನ ಲೋಕದ ಗಮನಕ್ಕೆ ಬಂತು. ನೋವು ಬರಬರುತ್ತಾ ಏರುತ್ತಿತ್ತು. ನಡಿಗೆ ಓಲಾಡುತ್ತಿತ್ತು. ಕೆಲವರು ಕೋಲು ಹಿಡಿದರು, ಕೆಲವರು ತೆವಳುವ ಸ್ಥಿತಿಗೆ ಬಂದರು. ಕೆಲವು ಮನೆಗಳಲ್ಲಿ ಮಕ್ಕಳು ಗಿಡ್ಡವಾಗಿಯೇ ಉಳಿದರು. ಕಾಯಿಲೆ ಕಾಣಿಸಿದ್ದು ಎರಡು ದಲಿತ ಸಮುದಾಯಗಳ ಮನೆಗಳಲ್ಲಿ. ಆ ಸಮುದಾಯಗಳ ಹೆಸರು ಎಲ್ಲ ವರದಿಗಳಲ್ಲೂ ಇದೆ. ಈ ಬರಹಕ್ಕೆ ಅದು ಬೇಕಾಗಿಲ್ಲವಾದ್ದರಿಂದ ನಾನು ಬರೆಯುತ್ತಿಲ್ಲ. ಅವರೆಲ್ಲ ಬಹುಮಟ್ಟಿಗೆ ಗದ್ದೆಯ ಕೂಲಿಯನ್ನು ನೆಚ್ಚಿದವರು ಎಂಬುದು ಮಾತ್ರ ಬೇಕು. ಸಂಬಳದವನ ಮನೆಗೆ ಬಂದ ಸೊಂಟನೋವು ಬೇರೆ, ಬಗ್ಗಿ ನಾಟಿ ಮಾಡಿದರೆ ಮಾತ್ರ ರಾತ್ರಿಗೆ ಗಂಜಿ ಎನ್ನುವವನ ಮನೆಗೆ ಬಂದ ಸೊಂಟನೋವು ಬೇರೆ.

ಮೊದಮೊದಲು ಗುಮಾನಿ ಹೋದದ್ದು ವಿಷದ ಕಡೆಗೆ. ಗದ್ದೆಗೆ ಕೀಟನಾಶಕ ಹೊಡೆಯುತ್ತಿದ್ದ ಕಾಲ ಅದು. ಬಡವರು ಅದೇ ಗದ್ದೆಯ ಏಡಿ, ಮೀನು ಹಿಡಿದು ತಿನ್ನುತ್ತಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಎಂಬ ವಿಜ್ಞಾನಿಗಳು ಅಧ್ಯಯನ ಮಾಡಿ 1977ರಲ್ಲಿ ವರದಿ ಪ್ರಕಟಿಸಿದರು. ಅವರು ಕಾಯಿಲೆಗೆ ಕೊಟ್ಟ ಹೆಸರಿನ ಅರ್ಥ ‘ಮಲೆನಾಡಿನಲ್ಲಿ ನೆಲೆಯೂರಿದ ಕೌಟುಂಬಿಕ ಕೀಲುರೋಗ’ ಎಂದು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಕೈಹಾಕಿತು. ಲಖನೌದ ಡಾ. ಎಸ್. ಎಸ್. ಅಗರ್‌ವಾಲ್ ಮತ್ತು ಸಂಗಡಿಗರು ಎಕ್ಸ್-ರೇಗಳನ್ನು ಪರಿಶೀಲಿಸಿ 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇದು ಎಲುಬಿನ ಬೆಳವಣಿಗೆಯ ದೋಷ, ವಂಶವಾಹಿಯ ಮೂಲಕ ಬರುವಂಥದ್ದು, ಅದರಲ್ಲೂ ಪ್ರಬಲ ಬಗೆಯದು ಎಂದು ಹೇಳಿದರು. ಅಂದರೆ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗೆ ಇದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಪ್ರತಿ ಸಲವೂ ನಾಣ್ಯವನ್ನು ಹೊಸದಾಗಿ ಚಿಮ್ಮಿದ ಹಾಗೆ. ಹಿಂದಿನ ಮಗುವಿಗೆ ಬಂತೆಂದು ಮುಂದಿನದಕ್ಕೆ ತಪ್ಪುವುದಿಲ್ಲ, ಬಾರದೆ ಇತ್ತೆಂದು ಬರಲೇಬೇಕೆಂದೂ ಇಲ್ಲ. ಪೂರ್ತಿ ಗುಣಪಡಿಸುವ ಔಷಧವಿಲ್ಲ. ನೋವು ತಗ್ಗಿಸುವುದು, ಆಗುವವರಿಗೆ ಕೀಲು ಬದಲಿಸುವುದು, ಇಷ್ಟೇ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. 1977ರ ಲೇಖನದ ಹೆಸರಿನಲ್ಲಿ ಇದ್ದದ್ದು ಮಲೆನಾಡು. 1994ರ ಹೊತ್ತಿಗೆ ವಿಜ್ಞಾನದ ಪತ್ರಿಕೆಯಲ್ಲೂ ಅದು ‘ಹಂದಿಗೋಡು ಕಾಯಿಲೆ’ಯಾಗಿತ್ತು. ಕಾಯಿಲೆ ಇದ್ದದ್ದು ಆ ಒಂದು ಊರಲ್ಲೇ ಅಲ್ಲ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಇತ್ತು. ಮೊದಲು ಕಣ್ಣಿಗೆ ಬಿದ್ದದ್ದೇ ಹಂದಿಗೋಡು ಮಾಡಿದ ತಪ್ಪು! ಅದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿಗೂ 1957ರಲ್ಲಿ ಇದೇ ಗತಿಯಾಗಿತ್ತು; ಮಂಗನ ಕಾಯಿಲೆ ಜಗತ್ತಿನ ಪುಸ್ತಕಗಳಲ್ಲಿ ಇಂದಿಗೂ ಆ ಊರಿನ ಹೆಸರಿನಲ್ಲೇ ಇದೆ. ಹೊಸ ಸಾಂಕ್ರಾಮಿಕ ರೋಗಗಳಿಗೆ ಊರಿನ, ಜನರ ಹೆಸರು ಇಡಬೇಡಿ, ಅದರಿಂದ ಅಲ್ಲಿಯವರಿಗೆ ನಷ್ಟ, ಕಳಂಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರ ಮೇ ತಿಂಗಳಲ್ಲಿ. ಹಂದಿಗೋಡಿನ ಮಟ್ಟಿಗೆ ನಲವತ್ತು ವರ್ಷ ತಡ.

ಇಷ್ಟು ಜಾಗೃತಿಯಿಂದ ಆದದ್ದೇನು? ನಾಡಿಗೆ ಒಂದು ಕಾಯಿಲೆಯ ಹೆಸರು ತಿಳಿಯಿತು. ಕಾಯಿಲೆ ಇದ್ದವರಿಗೆ ತಿಳಿದದ್ದು ಕಡಿಮೆ, ಏಕೆಂದರೆ ಅವರಿಗೆ ಅದು ಮೊದಲೇ ಗೊತ್ತಿತ್ತು. ಯಾವ ಮಗುವಿನ ನಡಿಗೆ ಬದಲಾಗುತ್ತಿದೆ ಎಂದು ತಾಯಿಗೆ ಎಕ್ಸ್-ರೇಗಿಂತ ಮೊದಲು ಗೊತ್ತಾಗುತ್ತದೆ. ಅವರು ಅರಿತವರಾಗಲಿಲ್ಲ, ಅರಿಯಲ್ಪಟ್ಟವರಾದರು. ಈ ಎರಡರ ನಡುವಿನ ಅಂತರವೇ ನನ್ನ ಮಾತಿನ ತಿರುಳು.

ಇನ್ನೊಂದು ವಿಚಾರ. ಕಾಸರಗೋಡಿನ ಓದುಗರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೂ ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆ, ಪಡ್ರೆಯ ಮಕ್ಕಳ ಸ್ಥಿತಿಯನ್ನು ವೈದ್ಯರು, ಪತ್ರಕರ್ತರು ಎತ್ತಿ ತೋರಿಸಿದಾಗ ಎದುರಿನಿಂದ ಬಂದ ವಾದಗಳಲ್ಲಿ ಒಂದು, ‘ಇದು ವಂಶದ ದೋಷವೂ ಇರಬಹುದಲ್ಲ’ ಎಂಬುದು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಹೇಳಿತು. ಹಂದಿಗೋಡಿನಲ್ಲಿ ಗುಮಾನಿ ವಿಷದಿಂದ ವಂಶಕ್ಕೆ ಹೋಯಿತು. ಕಾಸರಗೋಡಿನಲ್ಲಿ ವಿಷದ ಮಾತು ಎತ್ತಿದವರಿಗೆ ವಂಶವನ್ನು ತೋರಿಸಲಾಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ‘ವಂಶ’ ಎಂಬ ಮಾತಿಗೆ ಇರುವ ವಿಚಿತ್ರ ಶಕ್ತಿ ಕಾಣುತ್ತದೆ. ವಿಷವೆಂದರೆ ತಪ್ಪಿತಸ್ಥನೊಬ್ಬನಿರುತ್ತಾನೆ, ಪರಿಹಾರ ಕೇಳಬಹುದು. ವಂಶವೆಂದರೆ ಯಾರ ತಪ್ಪೂ ಅಲ್ಲ. ಆದ್ದರಿಂದ ಯಾರ ಹೊಣೆಯೂ ಅಲ್ಲ ಎಂದು ನಾವು ಮೆಲ್ಲನೆ ಎದ್ದು ಹೋಗುತ್ತೇವೆ.

ತಪ್ಪು ಬೇರೆ, ಹೊಣೆ ಬೇರೆ. ಕಿಲ್ಲಾರಿಯ ಭೂಕಂಪ ಯಾರ ತಪ್ಪು? ಯಾರದೂ ಅಲ್ಲ. ಆದರೂ ದೇಶ ಹೊಣೆ ಹೊತ್ತಿತು, ಮನೆ ಕಟ್ಟಿಕೊಟ್ಟಿತು. ಆಗ ಯಾರೂ ‘ನಿಮ್ಮ ನೆಲದ ದೋಷ, ನೀವೇ ಅನುಭವಿಸಿ’ ಎನ್ನಲಿಲ್ಲ. ನೆಲದೊಳಗಿನ ಬಿರುಕಿಗೆ ಒಂದು ನ್ಯಾಯ, ರಕ್ತದೊಳಗಿನ ಬಿರುಕಿಗೆ ಇನ್ನೊಂದು ನ್ಯಾಯ ಏಕೆ? ಏಕೆಂದರೆ ಹುಟ್ಟಿನೊಂದಿಗೆ ಬಂದದ್ದನ್ನು ಹುಟ್ಟಿದವನ ತಲೆಗೇ ಕಟ್ಟುವುದು ನಮ್ಮ ಹಳೆಯ ಚಾಳಿ. ಒಬ್ಬರು ಪೂರ್ವಜನ್ಮದ ಕರ್ಮ ಎನ್ನುತ್ತಾರೆ, ಒಬ್ಬರು ಮನೆತನದ ಶಾಪ ಎನ್ನುತ್ತಾರೆ. ಓದಿದವರು ಅದನ್ನೇ ಜೀನು ಎನ್ನುತ್ತಾರೆ. ಮಾತು ಬದಲಾಯಿತೇ ಹೊರತು ಬೆರಳು ತೋರಿಸುವ ದಿಕ್ಕು ಬದಲಾಗಲಿಲ್ಲ. ಬಸವಕಲ್ಯಾಣ ನಮಗೆ ದೂರದ ಊರಲ್ಲ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬೇಡಿ ಎಂದು ಎಂಟುನೂರು ವರ್ಷಗಳಿಗೂ ಹಿಂದೆ ಅಲ್ಲಿಂದ ಹೊರಟ ಮಾತು ನಮ್ಮ ಪಡಸಾಲೆಯವರೆಗೂ ಬಂದಿದೆ. ಹೆಣ್ಣು ಕೇಳಲು ಬೀಗರು ಬಂದ ದಿನ ಮಾತ್ರ ಅದು ಹೊಸ್ತಿಲ ಹೊರಗೇ ನಿಲ್ಲುತ್ತದೆ.

ಮದುವೆಯ ಮಾತು ಬಂದದ್ದರಿಂದ ಹತ್ತಿರದ ಒಂದು ಸಂಗತಿ ಹೇಳಬೇಕು. ನಮ್ಮ ಕಡೆಯ ಒಬ್ಬ ರೈತರ ಮಗನಿಗೆ ಸ್ನಾಯು ಕ್ಷೀಣಿಸುವ ಕಾಯಿಲೆ. ಡುಶೆನ್ ಎಂಬ ಫ್ರೆಂಚ್ ವೈದ್ಯನ ಹೆಸರಿನದು. ಇದು ಬಹುಮಟ್ಟಿಗೆ ಗಂಡುಮಕ್ಕಳಿಗೆ ಬರುತ್ತದೆ. ಮೂರು ನಾಲ್ಕು ವರ್ಷದ ಹುಡುಗ ಓಡುವಾಗ ಬೀಳತೊಡಗುತ್ತಾನೆ, ನೆಲದಿಂದ ಏಳುವಾಗ ತನ್ನ ತೊಡೆಯನ್ನೇ ಕೈಯಿಂದ ಒತ್ತಿ ಏಳುತ್ತಾನೆ, ಮೀನಖಂಡ ದಪ್ಪಗಾಗುತ್ತದೆ, ಹನ್ನೆರಡು ವರ್ಷದ ಹೊತ್ತಿಗೆ ಗಾಲಿಕುರ್ಚಿ. ಸುಮಾರು ಮೂರರಲ್ಲಿ ಎರಡು ಪಾಲು ಮನೆಗಳಲ್ಲಿ ಇದು ತಾಯಿಯ ಕಡೆಯಿಂದ ಬಂದಿರುತ್ತದೆ. ಉಳಿದ ಕಡೆ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ತಾಯಿ ವಾಹಕಳಾದರೆ ಮಗಳೂ ವಾಹಕಳಾಗುವ ಸಾಧ್ಯತೆ ಅರ್ಧ. ವಾಹಕಳಾದ ಹೆಣ್ಣು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿಯೇ ಇರುತ್ತಾಳೆ, ಆದರೆ ಅವಳ ಪ್ರತಿ ಗಂಡುಮಗುವಿಗೂ ಅರ್ಧದ ಅಪಾಯವಿರುತ್ತದೆ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ಅರ್ಧ ಮಾತ್ರ ನಿಜವಾಗುವ ಜಾಗ ಇದು.

ಆ ಹುಡುಗನ ಅಕ್ಕನಿಗೆ ಸಂಬಂಧ ಬಂದಿತ್ತು. ತಂದೆ ನನ್ನ ಹತ್ತಿರ ಬಂದು, “ಗುರೂಜಿ, ಖರೆ ಹೇಳಿದರ ಪೋರಿ ಲಗ್ನ ಆಗಲ್ಲ. ಸುಳ್ಳ ಹೇಳಿದರ ನನಗ ನಿದ್ದಿ ಬರಲ್ಲ. ಯಾವುದು ದೊಡ್ಡ ಪಾಪ, ನೀವೇ ಹೇಳ್ರಿ” ಎಂದರು. ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂದು ನಮ್ಮ ಹಿರಿಯರು ಧೈರ್ಯ ಕೊಟ್ಟಿದ್ದಾರೆ. ಆದರೆ ಆ ಸಾವಿರ ಸುಳ್ಳುಗಳಲ್ಲಿ ಇದು ಸೇರುವುದಿಲ್ಲ ಎಂದು ಆ ಮನುಷ್ಯನಿಗೆ ಗೊತ್ತಿತ್ತು. ನಾನು ಹೇಳಿದ್ದು ಇಷ್ಟೇ: ಮೊದಲು ತಿಳಿಯಬೇಕಾದವಳು ನಿಮ್ಮ ಮಗಳು, ಬೀಗರಲ್ಲ. ಅವಳನ್ನು ಕೇಳಿ. ಹುಡುಗಿ ಒಪ್ಪಿ ಪಟ್ಟಣಕ್ಕೆ ಹೋಗಿ ರಕ್ತ ಕೊಟ್ಟು ಬಂದಳು. ಫಲಿತಾಂಶ ಬಂದಾಗ ಅವಳು ವಾಹಕಳಲ್ಲ ಎಂದು ತಿಳಿಯಿತು. ತಂದೆ ನಿಶ್ಚಯಕ್ಕೆ ಮೊದಲೇ ಎಲ್ಲವನ್ನೂ, ಆ ಕಾಗದವನ್ನೂ ಹುಡುಗನ ಮನೆಯವರ ಮುಂದಿಟ್ಟರು. ಅವರು ಕಾಗದವನ್ನು ಓದಲಿಲ್ಲ. ‘ಮನೆಯಲ್ಲಿ ರೋಗವಿದೆ’ ಎಂಬ ಮಾತನ್ನು ಮಾತ್ರ ಕೇಳಿಸಿಕೊಂಡು ಎದ್ದು ಹೋದರು. ಆ ಮಾತು ಅವರಿಗಿಂತ ಮೊದಲು ನಾಲ್ಕು ಊರು ಮುಟ್ಟಿತು. ಹುಡುಗಿಯ ಚಿಕ್ಕಪ್ಪನ ಮಕ್ಕಳಿಗೂ ಸಂಬಂಧಗಳು ಬರುವುದು ನಿಂತವು. ಕಾಯಿಲೆ ತಾಯಿಯ ಕಡೆಯದು, ಚಿಕ್ಕಪ್ಪನ ಮಕ್ಕಳಿಗೆ ಅದರ ಸೋಂಕೂ ಇಲ್ಲ!

ಆ ತಂದೆ ಧರ್ಮ ಬಿಡಲಿಲ್ಲ, ದಂಡ ತೆತ್ತರು. ಪಕ್ಕದ ಬೀದಿಯಲ್ಲಿ ಇಂಥದೇ ಇನ್ನೊಂದು ಮನೆ ಇದ್ದರೆ, ಇದನ್ನೆಲ್ಲ ನೋಡಿದ ಅವರು ಏನು ಕಲಿತಿರಬೇಕು? ಮಗುವನ್ನು ಒಳಕೋಣೆಯಲ್ಲಿ ಕೂರಿಸಬೇಕು, ಆಸ್ಪತ್ರೆಯ ಚೀಟಿಗಳನ್ನು ಸುಡಬೇಕು ಎಂದು. ಹಾಗೆ ಮಾಡಿದವರನ್ನು ಮುಂದೆ ನಾವು ‘ಜಾಗೃತಿ ಇಲ್ಲದ ಜನ’ ಎನ್ನುತ್ತೇವೆ. ಜಾಗೃತಿ ಇಲ್ಲದವರು ಅವರಲ್ಲ. ತಮ್ಮ ಸುತ್ತಲಿನ ಸಮಾಜ ಎಂಥದು ಎಂಬ ಪೂರ್ತಿ ಅರಿವಿನಿಂದಲೇ ಅವರು ಮುಚ್ಚಿಡುತ್ತಾರೆ.

ಇದು ನಮ್ಮ ಹಳ್ಳಿಗಳದೇ ಕಥೆ ಎಂದುಕೊಳ್ಳಬೇಕಾಗಿಲ್ಲ. ಗ್ರೀಸ್ ದೇಶದ ಓರ್ಕೊಮೆನೊಸ್ ಎಂಬ ಊರಿನಲ್ಲಿ ಕುಡುಗೋಲು ಕಣದ ರಕ್ತರೋಗ ಹೆಚ್ಚು. ಇದು ಹಂದಿಗೋಡಿನ ಬಗೆಯದಲ್ಲ. ತಂದೆ ತಾಯಿ ಇಬ್ಬರೂ ವಾಹಕರಾದರೆ ಮಾತ್ರ, ನಾಲ್ಕರಲ್ಲಿ ಒಂದು ಪಾಲಿನ ಸಾಧ್ಯತೆಯಂತೆ ಮಗುವಿಗೆ ಬರುತ್ತದೆ. ವೈದ್ಯರು ಊರವರ ರಕ್ತ ಪರೀಕ್ಷಿಸಿ, ವಾಹಕರು ಇವರಿವರು, ವಾಹಕರು ವಾಹಕರನ್ನು ಮದುವೆಯಾಗದಿದ್ದರೆ ಸಾಕು ಎಂದು ತಿಳಿಹೇಳಿದರು. ಕೆಲವು ವರ್ಷಗಳ ಮೇಲೆ ಹಿಂತಿರುಗಿ ನೋಡಿ 1974ರಲ್ಲಿ ವರದಿ ಮಾಡಿದಾಗ ಕಂಡದ್ದೇನು? ಅಂಥ ಮದುವೆಗಳು ಕಡಿಮೆಯಾಗಿರಲಿಲ್ಲ. ವಾಹಕರೆಂದರೆ ಊರಲ್ಲಿ ಕಳಂಕ ಎನಿಸಿ, ಜನ ಮುಚ್ಚಿಡತೊಡಗಿದ್ದರು.

ಅದೇ ಸಮುದ್ರದ ಇನ್ನೊಂದು ಮೂಲೆಯ ಸೈಪ್ರಸ್ ದ್ವೀಪದಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರು ಥಲಸ್ಸೇಮಿಯಾ ಎಂಬ ರಕ್ತರೋಗದ ವಾಹಕರು. ಮದುವೆಗೆ ಮುನ್ನ ಇಬ್ಬರೂ ಪರೀಕ್ಷೆ ಮಾಡಿಸಿಕೊಂಡ ಪ್ರಮಾಣಪತ್ರ ಬೇಕೆಂದು ಅಲ್ಲಿನ ಚರ್ಚು 1983ರಲ್ಲಿ ನಿಯಮ ಮಾಡಿತು. ಆ ಪತ್ರದಲ್ಲಿ ಫಲಿತಾಂಶ ಇರುವುದಿಲ್ಲ. ಪರೀಕ್ಷೆ ಆಗಿದೆ, ಸಲಹೆ ಪಡೆದಿದ್ದಾರೆ ಎಂದಷ್ಟೇ ಇರುತ್ತದೆ. ಫಲಿತಾಂಶ ತಿಳಿಯುವುದು ಆ ಇಬ್ಬರಿಗೆ. ಮದುವೆಯಾಗುವುದು ಬಿಡುವುದು ಅವರಿಗೆ ಬಿಟ್ಟದ್ದು. ಬಹುಪಾಲು ಜೋಡಿಗಳು ಮದುವೆ ಮುರಿಯಲಿಲ್ಲ, ಬಸಿರಿನಲ್ಲಿ ಮಾಡುವ ಪರೀಕ್ಷೆಯ ನೆರವು ಪಡೆದರು. ಕಾಯಿಲೆಯೊಂದಿಗೆ ಹುಟ್ಟುವ ಮಕ್ಕಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಸೊನ್ನೆಯ ಹತ್ತಿರಕ್ಕೆ ಬಂತು. ಬಸಿರಿನ ಪರೀಕ್ಷೆಯ ಬಗ್ಗೆ ನೀತಿಯ ಪ್ರಶ್ನೆಗಳಿವೆ, ಅವು ಬೇರೆಯೇ ಒಂದು ಲೇಖನಕ್ಕಾಗುವಷ್ಟು. ನಾನಿಲ್ಲಿ ಹೇಳುತ್ತಿರುವುದು ಒಂದೇ ವ್ಯತ್ಯಾಸ. ಒಂದು ಕಡೆ ವಾಹಕರು ಯಾರೆಂಬುದು ಊರ ಬಾಯಿಗೆ ಬಿತ್ತು; ಇನ್ನೊಂದು ಕಡೆ ಕಾಯಿಲೆಯ ಬಗೆಗಿನ ತಿಳಿವಳಿಕೆ ಊರಿಗೆಲ್ಲ ಸಿಕ್ಕಿತು, ಯಾರ ರಕ್ತದಲ್ಲಿ ಏನಿದೆ ಎಂಬುದು ಆಯಾ ಇಬ್ಬರಲ್ಲೇ ಉಳಿಯಿತು.

ನಮ್ಮ ದೇಶದಲ್ಲೂ 2023ರ ಜುಲೈ 1ರಂದು ಕುಡುಗೋಲು ಕಣದ ರೋಗವನ್ನು ನಿರ್ಮೂಲ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದೆ. ಆದಿವಾಸಿ ಪ್ರದೇಶಗಳ 7 ಕೋಟಿ ಜನರ ತಪಾಸಣೆ ಮಾಡಿ ಕೈಗೆ ಒಂದು ಕಾರ್ಡು ಕೊಡುವ ಯೋಜನೆ. ಆ ಕಾರ್ಡು ವಯನಾಡಿನ ಅಥವಾ ವಿದರ್ಭದ ಒಬ್ಬ ಹುಡುಗಿಗೆ ದಾರಿದೀಪವಾಗುತ್ತದೋ ಹಣೆಪಟ್ಟಿಯಾಗುತ್ತದೋ ಎಂಬುದು ಕಾರ್ಡಿನ ಮೇಲಿಲ್ಲ, ಅದನ್ನು ನೋಡುವವರ ಮೇಲಿದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದದ್ದೇ. ಹೆಣ್ಣು ತರುವವರಿಗೆ, ಕೊಡುವವರಿಗೆ ತಿಳಿಯುವ ಹಕ್ಕಿಲ್ಲವೇ? ಖಂಡಿತ ಇದೆ. ಒಟ್ಟಿಗೆ ಬಾಳಿ ಮಕ್ಕಳನ್ನು ಹೆರುವ ಇಬ್ಬರ ನಡುವೆ ಇಂಥದನ್ನು ಮುಚ್ಚಿಡುವುದು ಮೋಸ. ನಾನು ಅದನ್ನು ಸಮರ್ಥಿಸಲಾರೆ. ಆದರೆ ಆ ಹಕ್ಕು ಅವರಿಬ್ಬರದು. ಮಾವಂದಿರ ಸಾಲಿಗೆ, ಕಟ್ಟೆಯ ಮೇಲೆ ಕುಳಿತವರಿಗೆ, ಲಗ್ನ ಕೂಡಿಸುವ ಮಧ್ಯಸ್ಥನಿಗೆ ಆ ಹಕ್ಕಿಲ್ಲ. ಅಷ್ಟೇ ಅಲ್ಲ, ನಿಜ ಕೇಳುವ ಹಕ್ಕಿಗೆ ಒಂದು ಋಣವೂ ಅಂಟಿಕೊಂಡಿದೆ. ಕೇಳಿದ ಮೇಲೆ ಅದನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಬೇಡವೆನಿಸಿದರೆ ಬಾಯಿ ಮುಚ್ಚಿಕೊಂಡು ಗೌರವದಿಂದ ಹಿಂತಿರುಗಬೇಕು. ನಿಜ ಹೇಳಿದವನಿಗೆ ದಂಡ ಹಾಕುವ ಸಮಾಜ ನಿಜವನ್ನು ಕೇಳುವ ಅಧಿಕಾರವನ್ನು ತಾನೇ ಕಳೆದುಕೊಂಡಿರುತ್ತದೆ.

ಇದು ಗಡಿಯ ಕನ್ನಡ ಮನೆಗಳಿಗೆ ಏಕೆ ಹೆಚ್ಚು ತಾಗುತ್ತದೆ ಎಂದು ಕೇಳಬಹುದು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯಲ್ಲಿದ್ದ ನಮ್ಮ ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಾವು ಕೆಲವರು. ಕೆಲವರಾದವರು ಗೊತ್ತಿದ್ದ ಮನೆತನಗಳಲ್ಲೇ ಕೊಟ್ಟು ತರುತ್ತೇವೆ, ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುತ್ತೇವೆ. ಇಬ್ಬರೂ ವಾಹಕರಾದರೆ ಮಾತ್ರ ಬರುವ ಕಾಯಿಲೆಗಳಿಗೆ ಇದು ದಾರಿ ಸುಗಮ ಮಾಡುತ್ತದೆ ಎಂಬುದನ್ನು ಮರೆಯಬಾರದು. ಬಳಗ ಸಣ್ಣದಾದಷ್ಟೂ ಸುದ್ದಿ ಬೇಗ ಹರಡುತ್ತದೆ, ಮುಚ್ಚಿಡುವ ಒತ್ತಡವೂ ಹೆಚ್ಚುತ್ತದೆ. ಮೇಲಾಗಿ ಆಸ್ಪತ್ರೆಯ ಕಾಗದ ಮರಾಠಿಯಲ್ಲೋ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ವಾಹಕ ಎಂದರೇನು, ರೋಗಿ ಎಂದರೇನು ಎಂಬ ವ್ಯತ್ಯಾಸ ನಮ್ಮ ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಓದಿದ ಮಕ್ಕಳು ಮಾಡಬಹುದಾದ ಕನ್ನಡದ ಕೆಲಸ ಇದು.

ಅಪರೂಪದ ಕಾಯಿಲೆ ಎಂದರೆ ಕಾಯಿಲೆಗಳಲ್ಲಿ ಅಲ್ಪಸಂಖ್ಯಾತ. ಇಂಥವು ಸುಮಾರು 7000 ಇವೆ ಎನ್ನುತ್ತಾರೆ. ಒಂದೊಂದೂ ಕೆಲವರಿಗೆ, ಎಲ್ಲ ಸೇರಿದರೆ ಬಹಳ ಜನಕ್ಕೆ. 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇವಕ್ಕಾಗಿ ಒಂದು ರಾಷ್ಟ್ರೀಯ ನೀತಿ ತಂದಿತು; 2022ರಲ್ಲಿ, ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಗೊತ್ತುಮಾಡಿದ ದೊಡ್ಡ ಆಸ್ಪತ್ರೆಗಳ ಮೂಲಕ ಸಿಗುವ ನೆರವನ್ನು 50 ಲಕ್ಷ ರೂಪಾಯಿವರೆಗೆ ಏರಿಸಿತು. ಇದೂ ಒಂದು ಹೊಣೆ ಹೊತ್ತ ಕೆಲಸವೇ. ಆದರೆ ಸರ್ಕಾರದ ನೀತಿ ಪಡಸಾಲೆಯೊಳಗೆ ಬರುವುದಿಲ್ಲ. ಅಲ್ಲಿ ನಾವೇ ನೀತಿ ಮಾಡಬೇಕು. ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ನಮ್ಮನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹೇಗೆ ಉರಿಯುತ್ತದೆ ಎಂದು ಬಲ್ಲ ನಾವು, ನಮ್ಮೊಳಗಿನ ಇನ್ನೂ ಕಡಿಮೆಯವರನ್ನು ಹೇಗೆ ನಡೆಸಿಕೊಳ್ಳುತ್ತೇವೆ?

ಆದ್ದರಿಂದ ನನ್ನ ಬಿನ್ನಹ ರೋಗವಿರುವ ಮನೆಗಳಿಗಲ್ಲ, ರೋಗವಿಲ್ಲದ ಮನೆಗಳಿಗೆ. ಮುಂದಿನ ಸಲ ಹೆಣ್ಣು ನೋಡಲು ಹೋದ ಮನೆಯಲ್ಲಿ ಒಬ್ಬ ತಂದೆ ಗಂಟಲು ಸರಿಮಾಡಿಕೊಂಡು ‘ಒಂದು ಮಾತು ಹೇಳಬೇಕು’ ಎಂದರೆ, ಎದ್ದು ಚಪ್ಪಲಿ ಹುಡುಕಬೇಡಿ. ಕುಳಿತು ಕೇಳಿ. ಅವರು ಮುಂದಿಟ್ಟ ಕಾಗದವನ್ನು ಓದಿ, ಅರ್ಥವಾಗದಿದ್ದರೆ ವೈದ್ಯರನ್ನು ಕೇಳಿ. ಕೊನೆಗೆ ಬೇಡವೆಂದರೂ ಆ ಮಾತನ್ನು ಅಲ್ಲಿಯೇ ಬಿಟ್ಟು ಬನ್ನಿ.